ಗಂಡನ ಕೆಲಸದ ರೇಡಿಯೇಶನ್ ಹುಟ್ಟುವ ಮಗುವಿಗೆ ತಟ್ಟುತ್ತದೆಯೇ?

ಪ್ರಶ್ನೆ: ನನಗೆ 28 ವರ್ಷ. ಮುಂಬೈ ಹತ್ತಿರ ಡೊಂಬಿವಲಿ ಪೂರ್ವದಲ್ಲಿದ್ದೇವೆ. ಊರು ವಿಜಯಪುರ ಜಿಲ್ಲೆಯ ಇಂಡಿ ಕಡೆ. ನಮ್ಮ ಮನೆಯವರಿಗೆ 34. ಒಂಬತ್ತು ವರ್ಷದಿಂದ ತಳೋಜಾ, ತುರ್ಭೆ ಕಡೆಯ ಫ್ಯಾಬ್ರಿಕೇಶನ್ ಶಾಪ್‌ಗಳಲ್ಲಿ ರೇಡಿಯೋಗ್ರಫಿ ಕೆಲಸ ಮಾಡುತ್ತಾರೆ. ರೇಡಿಯೇಶನ್ ಬಿಡುವ ಇರಿಡಿಯಂ ಲೋಹ ಇರುವ ಕ್ಯಾಮೆರಾ ಇಟ್ಟು ಪೈಪು, ಟ್ಯಾಂಕುಗಳ ವೆಲ್ಡಿಂಗ್ ಜಾಯಿಂಟ್‌ಗಳ ಫಿಲ್ಮ್ ತೆಗೆಯುವುದು. ಹೆಚ್ಚಾಗಿ ರಾತ್ರಿ ಪಾಳಿ. ಹೋದ ವರ್ಷ ನನಗೆ ಎರಡನೇ ತಿಂಗಳಲ್ಲೇ ಗರ್ಭ ಹೋಯಿತು. ಅಂದಿನಿಂದ ಅತ್ತೆ, ‘ಆ ಮಷೀನಿನ ಕೆಲಸವೇ ಮನೆಗೆ ಮುಳುವಾಯಿತು’ ಎನ್ನುತ್ತಾರೆ. ಅತ್ತೆ ಹೊರಗಿನವರಲ್ಲ, ನನ್ನ ಸೋದರಮಾವನ ಹೆಂಡತಿಯೇ. ನಾನು ಸೋದರಮಾವನ ಮಗನನ್ನು ಮದುವೆಯಾಗಿದ್ದೇನೆ. ಪಕ್ಕದ ಮನೆಯವರು ಇವರ ಬಟ್ಟೆಯನ್ನು ಬೇರೆ ಒಗೆಯಬೇಕು ಎನ್ನುತ್ತಾರೆ. ಸೈಟಿನಲ್ಲಿ ಬೆಲ್ಲ ತಿಂದು ಹಾಲು ಕುಡಿದರೆ ಎಲ್ಲ ಹೋಗುತ್ತದೆ ಅನ್ನುತ್ತಾರಂತೆ. ಮೈಮೇಲೆ ಬಿದ್ದ ರೇಡಿಯೇಶನ್ ಬರೆದಿಡುವ ಇವರ ಡೋಸ್ ಶೀಟಿನಲ್ಲಿ ಇಷ್ಟು ವರ್ಷದ ಮೊತ್ತ 38 ಮಿಲಿಸೀವರ್ಟ್ ಎಂದಿದೆ. ಆದರೆ ಅದನ್ನು ಅಳೆಯುವ ಬ್ಯಾಡ್ಜ್ ಬಹಳ ಸಲ ಬ್ಯಾಗಿನಲ್ಲೇ ಇರುತ್ತದೆ. ರೀಡಿಂಗ್ ಜಾಸ್ತಿ ಬಂದರೆ ಸೈಟಿಗೆ ಕಳಿಸುವುದಿಲ್ಲ, ಓಟಿ ಹೋಗುತ್ತದೆ ಎನ್ನುತ್ತಾರೆ. ನನಗೂ ಮದುವೆಗೆ ಮೊದಲು ಕಿಡ್ನಿ ಕಲ್ಲಿಗೆಂದು ಹೊಟ್ಟೆಯ ಸಿಟಿ ಸ್ಕ್ಯಾನ್ ಆಗಿತ್ತು. ಈಗ ಮತ್ತೆ ಮಗು ಬೇಕು ಅಂದುಕೊಂಡಿದ್ದೇವೆ. ಮಗುವಿಗೆ ಏನಾದರೂ ಆಗುತ್ತದೆಯೇ? ಇವರಿಗೆ ಕ್ಯಾನ್ಸರ್ ಬರುತ್ತದೆಯೇ? ಈ ಕೆಲಸ ಬಿಡಬೇಕೇ?

ಉತ್ತರ: ನಿಮ್ಮ ಮನಸ್ಸು ಕೊರೆಯುತ್ತಿರುವ ಮಾತನ್ನು ಮೊದಲು ಮುಗಿಸಿಬಿಡೋಣ. ಗರ್ಭ ಹೋದದ್ದಕ್ಕೆ ನಿಮ್ಮ ಯಜಮಾನರ ಕೆಲಸ ಕಾರಣ ಎನ್ನಲು ಯಾವ ಆಧಾರವೂ ಇಲ್ಲ. ಗರ್ಭ ನಿಂತಿದೆ ಎಂದು ಗೊತ್ತಾದ ನೂರು ಹೆಂಗಸರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ ಹೀಗಾಗುತ್ತದೆ. ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ. ಅವುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಭ್ರೂಣದ ಕ್ರೋಮೋಸೋಮ್‌ಗಳಲ್ಲೇ ಹೆಚ್ಚುಕಡಿಮೆ ಆಗಿರುತ್ತದೆ. ಅದು ಯಾರ ತಪ್ಪೂ ಅಲ್ಲ. ಬ್ಯಾಂಕಿನ ಕ್ಲರ್ಕ್ ಮನೆಯಲ್ಲೂ ಆಗುತ್ತದೆ, ಹೋಟೆಲ್ ನಡೆಸುವವರ ಮನೆಯಲ್ಲೂ ಆಗುತ್ತದೆ. ಬೊಟ್ಟು ಮಾಡಿ ತೋರಿಸಲು ಅವರ ಮನೆಯಲ್ಲಿ ಒಂದು ಇರಿಡಿಯಂ ಕ್ಯಾಮೆರಾ ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಅತ್ತೆಗೆ ಇದನ್ನು ನೀವು ಹೇಳುವುದಕ್ಕಿಂತ ನಿಮ್ಮ ಡಾಕ್ಟರ ಬಾಯಿಂದ ಹೇಳಿಸಿದರೆ ಒಳ್ಳೆಯದು. ಮುಂದಿನ ಸಲ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.

ನಾನು ಮುಂಬೈಯಲ್ಲಿ ಬಹಳ ವರ್ಷ ರೇಡಿಯೇಶನ್ ವಿಭಾಗದ ಭೌತವಿಜ್ಞಾನಿಯಾಗಿ, ಸೇಫ್ಟಿ ಆಫೀಸರ್ ಆಗಿ ಕೆಲಸ ಮಾಡಿದವನು. ಇಂಡಸ್ಟ್ರಿಯ ಹುಡುಗರಿಗೂ ಪಾಠ ಮಾಡಿದ್ದೇನೆ. ಆ ಅನುಭವದಿಂದ ಒಂದು ಮಾತು. ನೀವು ಯಾವುದಕ್ಕೆ ನಿದ್ದೆಗೆಟ್ಟಿದ್ದೀರೋ ಅದು ಚಿಕ್ಕ ವಿಷಯ. ಬರೆಯುತ್ತಾ ಸುಮ್ನೆ ಹೇಳಿ ಮುಂದೆ ಹೋದ ಎರಡು ಸಾಲು ದೊಡ್ಡವು. ಒಂದು, ಬ್ಯಾಡ್ಜ್ ಬ್ಯಾಗಿನಲ್ಲಿರುತ್ತದೆ ಎನ್ನುವುದು. ಇನ್ನೊಂದು, ಸೋದರಮಾವನ ಮಗ ಎನ್ನುವುದು. ಅಲ್ಲಿಗೆ ಆಮೇಲೆ ಬರುತ್ತೇನೆ.

ಬಟ್ಟೆಯ ವಿಷಯ. ಬೇರೆ ಒಗೆಯುವ ಅಗತ್ಯವಿಲ್ಲ. ಇರಿಡಿಯಂ ಇರುವುದು ಉಕ್ಕಿನ ಪುಟ್ಟ ಗೂಡಿನೊಳಗೆ, ಗಾಳಿಯಾಡದಂತೆ ಬೆಸುಗೆ ಹಾಕಿ ಮುಚ್ಚಿದ ಸ್ಥಿತಿಯಲ್ಲಿ. ಅದರಿಂದ ಹೊರಬರುವುದು ಗಾಮಾ ಕಿರಣ ಮಾತ್ರ. ಒಲೆ ಮುಂದೆ ಕೂತರೆ ಮೈ ಬಿಸಿಯಾಗುತ್ತದೆ, ಹಾಗಂತ ಎದ್ದು ಹೋಗುವಾಗ ಕೆಂಡ ಸೆರಗಿಗೆ ಅಂಟಿಕೊಂಡು ಬರುವುದಿಲ್ಲ ಅಲ್ವಾ, ಹಾಗೆ. ಕಿರಣ ಮೈಯೊಳಗಿಂದ ಹಾದುಹೋದ ಕ್ಷಣಕ್ಕೆ ಅದರ ಕೆಲಸ ಮುಗಿಯಿತು. ಅವರ ಮೈಯಿಂದ, ಬೆವರಿಂದ, ವೀರ್ಯದಿಂದ ನಿಮಗೆ ಏನೂ ಹರಡುವುದಿಲ್ಲ. ಒಟ್ಟಿಗೆ ಮಲಗಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು. ಇದೇ ಕಾರಣಕ್ಕೆ ಬೆಲ್ಲ, ಹಾಲಿನ ಮಾತೂ ಸುಳ್ಳು. ಒಳಗೆ ಏನೂ ಉಳಿದೇ ಇಲ್ಲ ಅಂದಮೇಲೆ ಹೊರಗೆ ತೊಳೆದು ಹಾಕುವುದು ಏನನ್ನು?

ಆದರೆ ಸೋರ್ಸೇ, ಅಂದರೆ ಇರಿಡಿಯಂ ಇರುವ ಆ ಪುಟ್ಟ ಗೂಡೇ, ಹೊರಗೆ ಬಿದ್ದರೆ ಕತೆ ಬೇರೆ. 1999ರಲ್ಲಿ ಪೆರು ದೇಶದ ಯನಾಂಗೊ ಎಂಬಲ್ಲಿ ಜಲವಿದ್ಯುತ್ ಕೇಂದ್ರದ ಕೆಲಸ ನಡೆದಿತ್ತು. ಕ್ಯಾಮೆರಾದಿಂದ ಕಳಚಿ ಬಿದ್ದಿದ್ದ ಇರಿಡಿಯಂ ಸೋರ್ಸನ್ನು ಒಬ್ಬ ವೆಲ್ಡರ್, ಏನೋ ಲೋಹದ ತುಂಡು ಎಂದು ಎತ್ತಿ ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡ. ಗಂಟೆಗಟ್ಟಲೆ ಅದು ಜೇಬಿನಲ್ಲೇ ಇತ್ತು. ಮನೆಗೂ ಹೋಯಿತು. ಕೊನೆಗೆ ಅವನ ಒಂದು ಕಾಲು ತೆಗೆಯಬೇಕಾಯಿತು. ಆ ಪ್ಯಾಂಟಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದ ಹೆಂಡತಿಗೂ ಬೆನ್ನಿನ ಕೆಳಭಾಗದಲ್ಲಿ ಗಾಯವಾಯಿತು. ನಮ್ಮ ದೇಶದಲ್ಲೂ 2010ರಲ್ಲಿ ದಿಲ್ಲಿಯ ಮಾಯಾಪುರಿ ಗುಜರಿ ಬಜಾರಿಗೆ ಹಳೆಯ ಉಪಕರಣವೊಂದರ ಜೊತೆ ರೇಡಿಯೇಶನ್ ಬಿಡುವ ಕೋಬಾಲ್ಟ್ ಬಂದುಬಿಟ್ಟಿತ್ತು. ಒಬ್ಬರು ಸತ್ತರು, ಇನ್ನು ಕೆಲವರು ಆಸ್ಪತ್ರೆ ಸೇರಿದರು. ಇವು ಅಪರೂಪದ ಅಪಘಾತಗಳು. ಒಂದೇ ಸಲಕ್ಕೆ ಭಾರೀ ಡೋಸ್ ಬಿದ್ದಾಗ ಚರ್ಮ ಸುಡುತ್ತದೆ, ವಾಂತಿಯಾಗುತ್ತದೆ, ರಕ್ತಕಣ ಇಳಿಯುತ್ತವೆ. ನೀವು ಕೇಳುತ್ತಿರುವುದು ಇದಲ್ಲ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಬೀಳುವ ಡೋಸಿನ ಬಗ್ಗೆ. ಅದರ ಲೆಕ್ಕವೇ ಬೇರೆ.

ಈಗ ಆ 38 ಎಷ್ಟು ದೊಡ್ಡದು ನೋಡೋಣ. ಮಿಲಿಸೀವರ್ಟ್ ಎಂದರೆ ಮೈಮೇಲೆ ಬಿದ್ದ ರೇಡಿಯೇಶನ್ ಅಳೆಯುವ ಅಳತೆ. ಮಣ್ಣು, ಕಲ್ಲು, ಗಾಳಿ, ಆಕಾಶ, ನಾವು ತಿನ್ನುವ ಅನ್ನ, ಇವುಗಳಿಂದಲೇ ಜಗತ್ತಿನಲ್ಲಿ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬೀಳುತ್ತದೆ. ಎದೆಯ ಒಂದು ಎಕ್ಸ್‌ರೇಗೆ 0.1ಕ್ಕಿಂತ ಕಡಿಮೆ. ಹೊಟ್ಟೆಯ ಸಿಟಿ ಸ್ಕ್ಯಾನಿಗೆ ಸಾಮಾನ್ಯವಾಗಿ 8ರಿಂದ 10. ನಿಮ್ಮ ಯಜಮಾನರಿಗೆ ಒಂಬತ್ತು ವರ್ಷದಲ್ಲಿ 38 ಅಂದರೆ ವರ್ಷಕ್ಕೆ ಸುಮಾರು 4. ಅಂದರೆ ಎರಡು ವರ್ಷ ರಾತ್ರಿ ಪಾಳಿ ಮಾಡಿ ಅವರು ಪಡೆದದ್ದನ್ನು ನೀವು ಒಂದೇ ಮಧ್ಯಾಹ್ನ ಸಿಟಿ ಟೇಬಲ್ ಮೇಲೆ ಮಲಗಿ ಪಡೆದಿದ್ದೀರಿ! ಹೆದರಿಸಲು ಹೇಳುತ್ತಿಲ್ಲ. ಕಲ್ಲಿನ ನೋವಿಗೆ ಆ ಸ್ಕ್ಯಾನ್ ಬೇಕಿತ್ತು, ಆಯಿತು. ಆದರೆ ‘ಮಷೀನಿನ ಕೆಲಸ’ ಎಂದರೆ ಬೆಚ್ಚಿಬೀಳುವ ಮನೆಗಳಲ್ಲೇ ತಲೆನೋವಿಗೂ ‘ಒಂದು ಸಿಟಿ ಮಾಡಿಸಿಬಿಡಿ ಡಾಕ್ಟರೇ’ ಎಂದು ಒತ್ತಾಯ ಮಾಡುವುದನ್ನು ನೋಡಿ ನನಗೆ ಬೇಸರವಾಗಿದೆ.

ನಮ್ಮಲ್ಲಿ ರೇಡಿಯೇಶನ್ ಕೆಲಸಗಾರರಿಗೆ ಮಿತಿ ಹಾಕುವುದು ಅಣುಶಕ್ತಿ ನಿಯಂತ್ರಣ ಮಂಡಳಿ, ಎಲ್ಲರ ಬಾಯಲ್ಲಿ ಎಇಆರ್‌ಬಿ. ಅದರ ಕಚೇರಿ ಇಲ್ಲೇ ಅಣುಶಕ್ತಿನಗರದಲ್ಲಿದೆ. ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ದಾಟಬಾರದು. ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಶೀಟಿನ ಪ್ರಕಾರ ನಿಮ್ಮವರು ಇದರ ಹತ್ತಿರಕ್ಕೂ ಹೋಗಿಲ್ಲ.

ಹಾಗಾದರೆ ಕ್ಯಾನ್ಸರ್? ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಗಾಮಾ ಕಿರಣಕ್ಕೆ ಜೀವಕೋಶದ ಒಳಗಿನ ಡಿಎನ್‌ಎ ಎಳೆಯನ್ನು ಕತ್ತರಿಸುವಷ್ಟು ಶಕ್ತಿ ಇದೆ. (ಬಿಲ್ಡಿಂಗ್ ಮೇಲಿನ ಮೊಬೈಲ್ ಟವರಿನ ಅಲೆಗಳಿಗೆ ಆ ಶಕ್ತಿ ಇಲ್ಲ. ಹೌಸಿಂಗ್ ಸೊಸೈಟಿ ಮೀಟಿಂಗುಗಳಲ್ಲಿ ಎರಡನ್ನೂ ಒಂದೇ ಹೆಸರಲ್ಲಿ ಬೈಯುತ್ತಾರೆ.) ಎಳೆ ಕಡಿದರೆ ಕೋಶ ಅದನ್ನು ಜೋಡಿಸಿಕೊಳ್ಳುತ್ತದೆ. ದಿನವೂ ಮಾಡುವ ಕೆಲಸವೇ ಅದು. ಎರಡೂ ಎಳೆ ಒಂದೇ ಕಡೆ ಕಡಿದಾಗ ಮಾತ್ರ ಜೋಡಿಸುವುದು ಕಷ್ಟ. ಆಗ ಕೆಲವು ಕೋಶ ಸಾಯುತ್ತವೆ. ಎಲ್ಲೋ ಒಂದು ತಪ್ಪಾಗಿ ಜೋಡಿಸಿಕೊಂಡು ಬದುಕಿಬಿಡುತ್ತದೆ. ಆ ತಪ್ಪು ಆಯಕಟ್ಟಿನ ಜಾಗದಲ್ಲಿದ್ದು, ಮುಂದೆ ಇನ್ನೂ ನಾಲ್ಕಾರು ತಪ್ಪು ಅದರ ಜೊತೆ ಸೇರಿದರೆ ಕ್ಯಾನ್ಸರ್. ಅದಕ್ಕೇ ಇಷ್ಟು ವರ್ಷ ಹಿಡಿಯುತ್ತದೆ. ರಕ್ತದ ಕ್ಯಾನ್ಸರ್ ಎರಡು ಮೂರು ವರ್ಷಕ್ಕೆ ಕಾಣಿಸಿಕೊಳ್ಳಬಹುದು. ಶ್ವಾಸಕೋಶ, ಹೊಟ್ಟೆ, ಕರುಳಿನಂಥ ಗಡ್ಡೆಗಳಿಗೆ ಹತ್ತು ವರ್ಷದಿಂದ ಮೂವತ್ತು ನಲವತ್ತು ವರ್ಷ.

ಇದನ್ನು ಜಗತ್ತು ಕಲಿತದ್ದು ಹಿರೋಶಿಮಾ, ನಾಗಸಾಕಿಯಲ್ಲಿ ಬದುಕಿ ಉಳಿದವರಿಂದ. ಒಂದು ಲಕ್ಷದ ಆಸುಪಾಸು ಜನರನ್ನು ಬದುಕಿನುದ್ದಕ್ಕೂ ಹಿಂಬಾಲಿಸಿ ಲೆಕ್ಕ ಇಟ್ಟಿದ್ದಾರೆ. ಅದು ಒಂದೇ ಕ್ಷಣದಲ್ಲಿ ಬಿದ್ದ ಡೋಸ್. ನಿಮ್ಮವರ ಹಾಗೆ ಸ್ವಲ್ಪ ಸ್ವಲ್ಪವೇ ಪಡೆದವರ ಲೆಕ್ಕಕ್ಕೆ ಫ್ರಾನ್ಸ್, ಬ್ರಿಟನ್, ಅಮೆರಿಕದ ಮೂರು ಲಕ್ಷಕ್ಕೂ ಹೆಚ್ಚು ಅಣು ಕೆಲಸಗಾರರ ಅಧ್ಯಯನ ಇದೆ. 2023ರಲ್ಲಿ ಅದರ ಹೊಸ ಫಲಿತಾಂಶ ಬಂತು. ನಿಧಾನಕ್ಕೆ ಬಿದ್ದ ಡೋಸೂ ಕ್ಯಾನ್ಸರ್ ಸಾವನ್ನು ಸ್ವಲ್ಪ ಹೆಚ್ಚಿಸುತ್ತದೆ ಎಂದು ಅದು ತೋರಿಸಿತು. ಆದ್ದರಿಂದ ‘ಮಿತಿಯೊಳಗೆ ಇದ್ದರೆ ಅಪಾಯ ಸೊನ್ನೆ’ ಎಂದು ಯಾವ ಮ್ಯಾನೇಜರ್ ಹೇಳಿದರೂ ಒಪ್ಪಬೇಡಿ. ಮಿತಿ ಎನ್ನುವುದು ಸುರಕ್ಷಿತ–ಅಸುರಕ್ಷಿತದ ನಡುವಿನ ಗೋಡೆಯಲ್ಲ. ಇದಕ್ಕಿಂತ ಹೆಚ್ಚಿನ ಅಪಾಯವನ್ನು ಕೆಲಸಗಾರನ ಮೇಲೆ ಹೊರಿಸಬಾರದು ಎಂದು ಕೂತು ಮಾಡಿಕೊಂಡ ಒಪ್ಪಂದ.

ಎಷ್ಟು ಅಪಾಯ? ಅಂತರರಾಷ್ಟ್ರೀಯ ಲೆಕ್ಕದಲ್ಲಿ 1000 ಮಿಲಿಸೀವರ್ಟಿಗೆ ಸುಮಾರು ನೂರಕ್ಕೆ ಐದು. 38ಕ್ಕೆ ಲೆಕ್ಕ ಹಾಕಿದರೆ ಸಾವಿರಕ್ಕೆ ಸುಮಾರು ಎರಡು. ನಮ್ಮ ದೇಶದಲ್ಲಿ ಒಂಬತ್ತು ಜನರಲ್ಲಿ ಒಬ್ಬರಿಗೆ ಬದುಕಿನಲ್ಲಿ ಯಾವಾಗಲಾದರೂ ಕ್ಯಾನ್ಸರ್ ಬರುತ್ತದೆ ಎಂಬ ಅಂದಾಜಿದೆ. ಅಂದರೆ ರೇಡಿಯೇಶನ್ ಕೆಲಸದ ಗಾಳಿಯೂ ಸೋಕದ ಸಾವಿರ ಜನರಲ್ಲಿ 110 ಮಂದಿಗೆ ಬರುತ್ತದೆ. ನಿಮ್ಮವರಂಥ ಸಾವಿರ ಜನರಲ್ಲಿ 112 ಆಗಬಹುದು. ಆ ಇಬ್ಬರು ಯಾರು ಎಂದು ಯಾವ ಡಾಕ್ಟರಿಗೂ ಹೇಳಲು ಆಗುವುದಿಲ್ಲ. ರೇಡಿಯೇಶನ್‌ನಿಂದ ಬಂದ ಕ್ಯಾನ್ಸರಿಗೆ ಬೇರೆ ಗುರುತೇನೂ ಇರುವುದಿಲ್ಲ. ಇನ್ನೊಂದು ಮಾತು. ಅವರಿಗೆ ತಂಬಾಕು ತಿಕ್ಕುವ ಅಭ್ಯಾಸ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ, ಆ ಚೀಟಿಯ ಅಪಾಯದ ಮುಂದೆ ಈ 38 ಲೆಕ್ಕಕ್ಕೇ ಇಲ್ಲ. ರಾತ್ರಿ ಪಾಳಿಯ ಹುಡುಗರಲ್ಲಿ ನಿದ್ದೆ ತಡೆಯಲು ಈ ಚಟ ಹತ್ತಿಸಿಕೊಂಡವರು ಬಹಳ.

ವರ್ಷಕ್ಕೊಮ್ಮೆ ಕಂಪನಿ ಮಾಡಿಸುವ ರಕ್ತ ಪರೀಕ್ಷೆ ನಾರ್ಮಲ್ ಬಂದರೆ ‘ಏನೂ ಆಗಿಲ್ಲ’ ಎಂದು ಎಲ್ಲರೂ ನೆಮ್ಮದಿಯಾಗುತ್ತಾರೆ. ಆ ನೆಮ್ಮದಿಗೆ ಅರ್ಥವಿಲ್ಲ. ಒಂದೇ ಸಲಕ್ಕೆ ನೂರಾರು ಮಿಲಿಸೀವರ್ಟ್ ಬಿದ್ದರೆ ಮಾತ್ರ ಬಿಳಿ ರಕ್ತಕಣದ ಎಣಿಕೆ ಬದಲಾಗುತ್ತದೆ. ಸಣ್ಣ ಡೋಸನ್ನು ಆ ಪರೀಕ್ಷೆ ಹಿಡಿಯುವುದೇ ಇಲ್ಲ.

ಇನ್ನು ಮಗುವಿನ ಪ್ರಶ್ನೆ. ತಂದೆಯ ಮೇಲೆ ಬಿದ್ದ ರೇಡಿಯೇಶನ್ ಮಕ್ಕಳಲ್ಲಿ ಅಂಗವಿಕಲತೆಯಾಗಿ ಬರುತ್ತದೆ ಎಂಬ ಭಯ ಸುಮ್ನೆ ಹುಟ್ಟಿದ್ದಲ್ಲ. 1927ರಲ್ಲಿ ಅಮೆರಿಕದ ವಿಜ್ಞಾನಿ ಹರ್ಮನ್ ಮುಲ್ಲರ್ ಹಣ್ಣಿನ ನೊಣಗಳಿಗೆ ಎಕ್ಸ್‌ರೇ ಹಾಯಿಸಿ, ಮರಿಗಳಲ್ಲಿ ಬದಲಾವಣೆ ಬರುವುದನ್ನು ತೋರಿಸಿದರು. 1946ರಲ್ಲಿ ಅದಕ್ಕೆ ನೊಬೆಲ್ ಸಿಕ್ಕಿತು. ಇಲಿಗಳಲ್ಲೂ ದೊಡ್ಡ ಡೋಸಿಗೆ ಹಾಗೇ ಆಯಿತು. ಅದಕ್ಕೇ ಹಿರೋಶಿಮಾದ ನಂತರ ಎಲ್ಲರ ಮೊದಲ ಪ್ರಶ್ನೆ, ಬದುಕಿ ಉಳಿದವರ ಮಕ್ಕಳು ಹೇಗಿರುತ್ತಾರೆ ಎನ್ನುವುದೇ ಆಗಿತ್ತು. ಹತ್ತಿರ ಹತ್ತಿರ 77 ಸಾವಿರ ಮಕ್ಕಳನ್ನು ನೋಡಿದರು. ಹುಟ್ಟು ದೋಷ, ಸತ್ತು ಹುಟ್ಟುವುದು, ಚಿಕ್ಕ ವಯಸ್ಸಿನ ಸಾವು, ಆಮೇಲೆ ಕ್ಯಾನ್ಸರ್, ಎಲ್ಲ ಲೆಕ್ಕ ಹಾಕಿದರು. ಬಾಂಬಿಗೆ ಸಿಗದವರ ಮಕ್ಕಳಿಗಿಂತ ಎದ್ದು ಕಾಣುವ ಹೆಚ್ಚಳ ಏನೂ ಸಿಗಲಿಲ್ಲ. ಅವರಲ್ಲಿ ಬಹಳ ಮಂದಿಯ ತಂದೆ ತಾಯಿಯ ಡೋಸ್ ನಿಮ್ಮವರ ಒಂಬತ್ತು ವರ್ಷದ ಮೊತ್ತಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಹಾಗಾದರೆ ತಲೆ ಚಿಕ್ಕದಾಗಿ, ಬುದ್ಧಿ ಬೆಳೆಯದೆ ಹುಟ್ಟಿದ ಜಪಾನಿನ ಮಕ್ಕಳು? ಆ ಮಕ್ಕಳು ಇದ್ದದ್ದು ನಿಜ. ಆದರೆ ಬಾಂಬ್ ಬಿದ್ದಾಗ ಅವರು ತಾಯಿಯ ಹೊಟ್ಟೆಯಲ್ಲಿದ್ದರು, ಅದರಲ್ಲೂ 8ರಿಂದ 15 ವಾರದ ಗರ್ಭವಾಗಿದ್ದರು. ನೇರವಾಗಿ ಭ್ರೂಣದ ಮೇಲೇ ಡೋಸ್ ಬಿದ್ದಿತ್ತು. ಅದು ವಂಶದಲ್ಲಿ ಇಳಿದು ಬಂದದ್ದಲ್ಲ. ಎಲ್ಲರೂ ಎಡವುವುದು ಇಲ್ಲೇ. ಹೊಟ್ಟೆಯಲ್ಲಿರುವ ಕೂಸಿನ ಮೇಲೆ ಕಿರಣ ಬೀಳುವುದು ಒಂದು. ಗರ್ಭ ನಿಲ್ಲುವ ಮೊದಲು ತಂದೆಯ ಮೈಮೇಲೆ ಬಿದ್ದದ್ದು ಇನ್ನೊಂದು. ಮೊದಲನೆಯದಕ್ಕೆ ಹೆದರಲು ಕಾರಣವಿದೆ. ಅಲ್ಲೂ ಅಂಗದೋಷದ ಭಯ ಶುರುವಾಗುವುದು ಸುಮಾರು 100 ಮಿಲಿಗ್ರೇ ದಾಟಿದ ಮೇಲೆ. ಗಾಮಾ ಕಿರಣಕ್ಕೆ ಮಿಲಿಗ್ರೇ, ಮಿಲಿಸೀವರ್ಟ್ ಎರಡನ್ನೂ ಹೆಚ್ಚುಕಡಿಮೆ ಒಂದೇ ಎಂದು ತಿಳಿದುಕೊಳ್ಳಿ. ಎಕ್ಸ್‌ರೇ ರೂಮಿನ ಹೊರಗೆ ‘ಗರ್ಭಿಣಿಯರು ಮೊದಲೇ ತಿಳಿಸಿ’ ಎಂದು ಬರೆದಿರುವುದು ಮೊದಲನೆಯದಕ್ಕಾಗಿ.

ತಂದೆಯ ಕಡೆಯಿಂದಲೂ ಒಮ್ಮೆ ದೊಡ್ಡ ಗಾಬರಿ ಎದ್ದಿತ್ತು. ಬ್ರಿಟನ್ನಿನ ಸೆಲ್ಲಾಫೀಲ್ಡ್ ಅಣು ಕಾರ್ಖಾನೆಯ ಪಕ್ಕದ ಹಳ್ಳಿಯಲ್ಲಿ ಮಕ್ಕಳಿಗೆ ರಕ್ತದ ಕ್ಯಾನ್ಸರ್ ಹೆಚ್ಚಾಗಿತ್ತು. ಮಗು ಹುಟ್ಟುವ ಮೊದಲು ತಂದೆಗೆ ಬಿದ್ದ ಡೋಸೇ ಕಾರಣವಿರಬಹುದು ಎಂದು 1990ರಲ್ಲಿ ಮಾರ್ಟಿನ್ ಗಾರ್ಡ್ನರ್ ಎಂಬ ಸಂಶೋಧಕರು ಬರೆದರು. ಅಲ್ಲಿನ ಕೆಲಸಗಾರರ ಮನೆಗಳಲ್ಲಿ ನಿಮ್ಮ ಮನೆಯ ಹಾಗೇ ಆಯಿತು ಎಂದುಕೊಳ್ಳಿ. ಆಮೇಲೆ ಬೇರೆ ಬೇರೆ ಕಡೆ ಹುಡುಕಿದರು. ಆ ನಂಟು ಮತ್ತೆ ಸಿಗಲಿಲ್ಲ. 2021ರಲ್ಲಿ, ಅಣು ಸ್ಥಾವರ ದುರಂತ ನಡೆದ ಚೆರ್ನೋಬಿಲ್‌ನ ಸ್ವಚ್ಛತೆಗೆ ಇಳಿದವರ ಮತ್ತು ಅಲ್ಲಿಂದ ಸ್ಥಳಾಂತರಗೊಂಡವರ 130 ಮಕ್ಕಳ ಇಡೀ ಡಿಎನ್‌ಎ ಓದಿದರು, ತಂದೆ ತಾಯಿಯದ್ದನ್ನೂ ಓದಿದರು. ತಂದೆ ತಾಯಿಯಲ್ಲಿ ಇಲ್ಲದೆ ಮಗುವಿನಲ್ಲಿ ಹೊಸದಾಗಿ ಕಾಣಿಸುವ ತಪ್ಪುಗಳು ಎಲ್ಲ ಮಕ್ಕಳಲ್ಲೂ ಒಂದಿಷ್ಟು ಇರುತ್ತವೆ. ಈ ಮಕ್ಕಳಲ್ಲಿ ಅವು ಹೆಚ್ಚಾಗಿರಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಕೇರಳದ ಕೊಲ್ಲಂ ಕರಾವಳಿಗೆ ಬನ್ನಿ. ಚವರ, ನೀಂಡಕರ, ಕರುನಾಗಪ್ಪಳ್ಳಿ. ಅಲ್ಲಿನ ಮರಳಿನಲ್ಲಿ ಮೊನಜೈಟ್ ಎಂಬ ಖನಿಜ ಇದೆ, ಅದರಲ್ಲಿ ರೇಡಿಯೇಶನ್ ಬಿಡುವ ಥೋರಿಯಂ. ಎಷ್ಟೋ ಮನೆಗಳಲ್ಲಿ ಜನ ತಲೆತಲಾಂತರದಿಂದ ನಮಗಿಂತ ಹಲವು ಪಟ್ಟು ಡೋಸಿನಲ್ಲೇ ಬದುಕಿದ್ದಾರೆ. ಸುಮಾರು 70 ಸಾವಿರ ಜನರನ್ನು ಹತ್ತು ವರ್ಷ ಹಿಂಬಾಲಿಸಿ 2009ರಲ್ಲಿ ಫಲಿತಾಂಶ ಹೊರಬಂತು. ಆ ಕಾರಣಕ್ಕೆ ಕ್ಯಾನ್ಸರ್ ಹೆಚ್ಚಾದದ್ದು ಕಾಣಲಿಲ್ಲ. ಅಲ್ಲಿ ಹುಟ್ಟಿದ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಿದಾಗ ಹುಟ್ಟು ದೋಷವೂ ಹೆಚ್ಚಾಗಿರಲಿಲ್ಲ.

ಇಷ್ಟಾದರೂ ವಿಜ್ಞಾನಿಗಳು ‘ಸೊನ್ನೆ’ ಎಂದು ಬರೆದಿಲ್ಲ. ಇಲಿಯಲ್ಲಿ ಆದದ್ದು ಮನುಷ್ಯನಲ್ಲಿ ಸ್ವಲ್ಪವಾದರೂ ಆಗಲೇಬೇಕು ಎಂದು ಹಿಡಿದು ಒಂದು ಅಂಕಿ ಇಟ್ಟುಕೊಂಡಿದ್ದಾರೆ. ಅದರ ಪ್ರಕಾರ 38 ಮಿಲಿಸೀವರ್ಟಿಗೆ ಹತ್ತು ಸಾವಿರ ಮಕ್ಕಳಲ್ಲಿ ಒಂದೆರಡು. ನಿಮ್ಮ ಹಳೆಯ ಸಿಟಿ ಸ್ಕ್ಯಾನಿಗೆ ಅದಕ್ಕಿಂತಲೂ ಕಡಿಮೆ.

ಈಗ ನಿಮ್ಮ ಇನ್ನೊಂದು ಸಾಲಿಗೆ ಬರುತ್ತೇನೆ. ರೇಡಿಯೇಶನ್, ಸಂಬಂಧ ಯಾವುದೂ ಇಲ್ಲದ ಗಂಡ ಹೆಂಡಿರಿಗೂ ನೂರರಲ್ಲಿ ಎರಡು ಮೂರು ಮಕ್ಕಳಿಗೆ ಏನಾದರೂ ದೊಡ್ಡ ಹುಟ್ಟು ದೋಷ ಇರುತ್ತದೆ. ಸೋದರಮಾವನ ಮಗನನ್ನೋ ಮಗಳನ್ನೋ ಮದುವೆಯಾದರೆ ಅದಕ್ಕೆ ಇನ್ನೂ ಎರಡು ಮೂರು ಸೇರುತ್ತದೆ. ಹತ್ತು ಸಾವಿರದ ಲೆಕ್ಕದಲ್ಲಿ ಹೇಳಿದರೆ ರೇಡಿಯೇಶನ್‌ನಿಂದ ಒಂದೆರಡು, ಸಂಬಂಧದಲ್ಲಿ ಮದುವೆಯಾದದ್ದರಿಂದ ಇನ್ನೂರು ಮುನ್ನೂರು. ಕಾರಣ ಸರಳ. ಪ್ರತಿಯೊಬ್ಬರಲ್ಲೂ ಕೆಲವು ಕೆಟ್ಟ ಜೀನ್‌ಗಳು ಸದ್ದಿಲ್ಲದೆ ಕೂತಿರುತ್ತವೆ. ಜೋಡಿಯ ಇನ್ನೊಂದು ಜೀನ್ ಸರಿ ಇದ್ದರೆ ತೊಂದರೆ ಇಲ್ಲ. ನಿಮ್ಮಿಬ್ಬರ ಅಜ್ಜ ಅಜ್ಜಿ ಒಬ್ಬರೇ ಆದ್ದರಿಂದ ಒಂದೇ ಕೆಟ್ಟ ಜೀನ್ ನಿಮ್ಮಿಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಮಗುವಿಗೆ ಎರಡೂ ಕಡೆಯಿಂದ ಅದೇ ಬಂದರೆ ಕಾಯಿಲೆ. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಈ ಮಾತು ಎತ್ತಿದರೆ ಸಿಟ್ಟು ಬರುತ್ತದೆ, ನನಗೆ ಗೊತ್ತು. ಮದುವೆ ತಪ್ಪು ಎನ್ನುತ್ತಿಲ್ಲ. ಹೀಗೆ ಮದುವೆಯಾದವರಿಗೂ ನೂರಕ್ಕೆ 94–95 ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತವೆ. ಆದರೆ ಪರೀಕ್ಷೆ ಮಾಡಿಸಿ ತಿಳಿದುಕೊಳ್ಳಬಹುದಾದ ಅಪಾಯ ಇದು. ಅದನ್ನು ಬಿಟ್ಟು ಇಡೀ ಮನೆ ಕ್ಯಾಮೆರಾ ಕಡೆ ನೋಡುತ್ತಿದೆ.

ಹಾಗಾಗಿ ಮತ್ತೆ ಪ್ರಯತ್ನಿಸುವ ಮೊದಲು ಇಬ್ಬರೂ ಒಟ್ಟಿಗೆ, ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ಒಬ್ಬ ಜೆನೆಟಿಕ್ ಕೌನ್ಸೆಲರನ್ನು ನೋಡಿ. ಪರೇಲ್ ಕಡೆಯ ದೊಡ್ಡ ಆಸ್ಪತ್ರೆಗಳಲ್ಲಿ ವಿಚಾರಿಸಿ. ಹೋಗುವಾಗ ಎರಡೂ ಕಡೆಯ ಮೂರು ತಲೆಮಾರಿನ ವಿವರ ಬರೆದುಕೊಂಡು ಹೋಗಿ. ಚಿಕ್ಕಂದಿನಲ್ಲೇ ಸತ್ತ ಮಕ್ಕಳು, ಕಿವಿ ಕೇಳದವರು, ಬುದ್ಧಿ ಬೆಳೆಯದವರು, ಪದೇ ಪದೇ ರಕ್ತ ಹಾಕಿಸಿಕೊಂಡವರು, ಯಾರನ್ನೂ ಮುಚ್ಚಿಡಬೇಡಿ. ಇದಕ್ಕೆ ಅತ್ತೆಯ ನೆನಪೇ ನಿಮಗೆ ಆಧಾರ. ವಂಶದಲ್ಲಿ ಬರುವ ರಕ್ತದ ಕಾಯಿಲೆಯಾದ ಥಲಸ್ಸೀಮಿಯಾದ ವಾಹಕರೇ ಎಂದು ನೋಡಲು ಇಬ್ಬರ ರಕ್ತ ಪರೀಕ್ಷೆ, ನಿಮಗೆ ಥೈರಾಯ್ಡ್ ಮತ್ತು ಸಕ್ಕರೆ. ಫೋಲಿಕ್ ಆಸಿಡ್ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಗರ್ಭ ನಿಲ್ಲುವ ಮೊದಲೇ ಶುರು ಮಾಡಿ.

ರೇಡಿಯೇಶನ್ ಕಾರಣಕ್ಕೆ ಕಾಯಬೇಕಾಗಿಲ್ಲ. ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಒಂದೇ ಸಲಕ್ಕೆ 150 ಮಿಲಿಗ್ರೇಯಷ್ಟು ಬಿದ್ದರೆ ಎಣಿಕೆ ಕೆಲವು ತಿಂಗಳು ಇಳಿಯಬಹುದು. ವರ್ಷಕ್ಕೆ ನಾಲ್ಕು ಮಿಲಿಸೀವರ್ಟಿಗೆ ಅದೇನೂ ಆಗುವುದಿಲ್ಲ. ಅಪಘಾತವಾಗಿ ದೊಡ್ಡ ಡೋಸ್ ಬಿದ್ದಿದ್ದರೆ ಮಾತ್ರ ಕನಿಷ್ಠ ಆರು ತಿಂಗಳು ತಡೆಯಿರಿ ಎನ್ನುತ್ತೇವೆ. ಗರ್ಭಿಣಿಯಾದ ಮೇಲೆ ಅವರು ಕೆಲಸಕ್ಕೆ ಹೋಗುವುದರಿಂದ ನಿಮಗೆ ತೊಂದರೆ ಇಲ್ಲ. ನೀವು ಮಾತ್ರ ಡಬ್ಬಿ ಕೊಡಲೆಂದೂ ಸೈಟಿನೊಳಗೆ ಹೋಗಬೇಡಿ.

ಇಲ್ಲಿಯವರೆಗೆ ಹೇಳಿದ ಎಲ್ಲ ಸಮಾಧಾನವೂ 38 ಎಂಬ ಅಂಕಿಯ ಮೇಲೆ ನಿಂತಿದೆ. ಬ್ಯಾಡ್ಜ್ ಬ್ಯಾಗಿನಲ್ಲಿದ್ದರೆ ಆ ಅಂಕಿ ಅವರದ್ದಲ್ಲ, ಬ್ಯಾಗಿನದ್ದು.

ಆ ಟಿಎಲ್‌ಡಿ ಬ್ಯಾಡ್ಜ್ ಒಳಗೆ ಒಂದು ಲೋಹದ ಪಟ್ಟಿ ಇದೆ, ಅದರಲ್ಲಿ ಮೂರು ಪುಟ್ಟ ಬಿಲ್ಲೆ. ಒಂದರ ಎದುರು ಲೋಹದ ತಡೆ, ಇನ್ನೊಂದರ ಎದುರು ಪ್ಲಾಸ್ಟಿಕ್, ಮೂರನೆಯದು ತೆರೆದ ಕಿಂಡಿ. ಕಿರಣ ಬಿದ್ದಷ್ಟೂ ಬಿಲ್ಲೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಲ್ಯಾಬಿನಲ್ಲಿ ಬಿಸಿ ಮಾಡಿದಾಗ ಅಷ್ಟಕ್ಕೆ ತಕ್ಕ ಬೆಳಕು ಬಿಡುತ್ತದೆ. ಅದನ್ನು ಅಳೆದೇ ಶೀಟಿನಲ್ಲಿ ಬರೆಯುವುದು. ಎದೆಯ ಮೇಲೆ ಇದ್ದರೆ ಮಾತ್ರ ಅದು ಮನುಷ್ಯನ ಡೋಸ್. ಹುಡುಗರು ಸೈಟಿಗೆ ಹೋಗುವಾಗ ಬ್ಯಾಡ್ಜನ್ನು ಡ್ರಾಯರಿನಲ್ಲಿ ಇಟ್ಟು ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಕೆಲವೊಮ್ಮೆ ಉಲ್ಟಾ ಆಗುತ್ತದೆ. ಬ್ಯಾಗ್ ಕ್ಯಾಮೆರಾದ ಪಕ್ಕದಲ್ಲೇ ಗಾಡಿಯಲ್ಲಿ ಕೂತು, ಮನುಷ್ಯನಿಗೆ ಬೀಳದ ಡೋಸ್ ಬ್ಯಾಡ್ಜಿಗೆ ಬೀಳುತ್ತದೆ. ನಿಜವಾದ ಡೋಸ್ ಶೀಟಿನ ಮೂರು ಪಟ್ಟು ಇದ್ದರೂ ಕ್ಯಾನ್ಸರ್ ಲೆಕ್ಕ ಸಾವಿರಕ್ಕೆ ಆರರ ಹತ್ತಿರ ಹೋಗುತ್ತದೆ. ಗಾಬರಿ ಬೀಳುವ ಅಂಕಿ ಅಲ್ಲ. ಆದರೆ ಮೂರೋ ಹತ್ತೋ ಎಂದು ಗೊತ್ತೇ ಇಲ್ಲದಿರುವುದು ಸರಿಯಲ್ಲ. ನಾಳೆ ಏನಾದರೂ ಆಗಿ ಪರಿಹಾರ ಕೇಳಬೇಕಾದರೂ ಕೈಯಲ್ಲಿರುವ ಕಾಗದ ಅದೊಂದೇ. ಓಟಿಗೋಸ್ಕರ ಆ ಕಾಗದವನ್ನು ಅವರೇ ಕೆಡಿಸಿಕೊಳ್ಳುತ್ತಿದ್ದಾರೆ.

ಕೆಲಸ ಬಿಡಬೇಕೇ? ಬಿಡಲೇಬೇಕು ಎಂದು ನಾನು ಹೇಳಲಾರೆ. ಮುಂದುವರಿಸುವುದಾದರೆ ಬ್ಯಾಡ್ಜ್ ಎದೆಯ ಮೇಲೆ ಇರಬೇಕು. ಜೊತೆಗೆ ಸದ್ದು ಮಾಡುವ ಪಾಕೆಟ್ ಡೋಸಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಪ್ರತಿ ಎಕ್ಸ್‌ಪೋಷರ್ ಮುಗಿದ ಮೇಲೆ ಕ್ರ್ಯಾಂಕ್ ತಿರುಗಿಸಿ ಸೋರ್ಸ್ ಒಳಗೆಳೆದು, ಸುತ್ತಲಿನ ರೇಡಿಯೇಶನ್ ತೋರಿಸುವ ಸರ್ವೇ ಮೀಟರ್ ಕೈಯಲ್ಲಿ ಹಿಡಿದೇ ಕ್ಯಾಮೆರಾದ ಹತ್ತಿರ ಹೋಗಬೇಕು. ಈ ಕೆಲಸದಲ್ಲಿ ಆಗುವ ದೊಡ್ಡ ಅಪಘಾತಗಳಲ್ಲಿ ಹೆಚ್ಚಿನವು ಇದೊಂದನ್ನು ಬಿಟ್ಟಾಗ ಆಗಿರುವಂಥವು. ಸೋರ್ಸ್ ಒಳಗೆ ಬಂದಿದೆ ಎಂದುಕೊಂಡು ಹೋಗುತ್ತಾರೆ, ಅದು ಹೊರಗೆ ಹೋಗಿ ಬರುವ ಕೊಳವೆಯ, ಅಂದರೆ ಗೈಡ್ ಟ್ಯೂಬಿನ, ತುದಿಯಲ್ಲೇ ಸಿಕ್ಕಿಕೊಂಡಿರುತ್ತದೆ. ಮೀಟರಿನ ಬ್ಯಾಟರಿ ಸತ್ತಿದ್ದರೆ ಅವತ್ತು ಕೆಲಸ ಇಲ್ಲ, ಅಷ್ಟೇ. ಕಿರಣ ಎಲ್ಲ ಕಡೆ ಹರಡದಂತೆ ತಡೆಯುವ ಕೊಲಿಮೇಟರ್ ಹಾಕುವುದಕ್ಕೆ ಸೋಮಾರಿತನ ಬೇಡ. ದೂರ ಎರಡು ಪಟ್ಟಾದರೆ ಡೋಸ್ ಕಾಲುಭಾಗಕ್ಕೆ ಇಳಿಯುತ್ತದೆ, ಹತ್ತು ಪಟ್ಟಾದರೆ ನೂರನೇ ಒಂದು ಭಾಗಕ್ಕೆ. ಕ್ರ್ಯಾಂಕಿನ ಕೇಬಲ್ ಉದ್ದವಾಗಿರುವುದು ಇದಕ್ಕೇ.

ಬಿಡುವುದಾದರೆ ಈ ಲೈನನ್ನೇ ಬಿಡಬೇಕಾಗಿಲ್ಲ. ಅದೇ ಜಾಯಿಂಟುಗಳನ್ನು ಅಲ್ಟ್ರಾಸೋನಿಕ್‌ನಲ್ಲಿ, ಅಂದರೆ ಶಬ್ದದ ಅಲೆಗಳಿಂದ, ನೋಡುವ ಕೆಲಸ ಈಗ ಬಹಳ ಇದೆ. ಅದರಲ್ಲಿ ರೇಡಿಯೇಶನ್ನೇ ಇಲ್ಲ. ಕೋರ್ಸ್ ಮಾಡಿ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಆ ಕೆಲವು ತಿಂಗಳು ಸಂಪಾದನೆ ಇಳಿಯುತ್ತದೆ, ಡೊಂಬಿವಲಿಯ ಬಾಡಿಗೆಯೋ ಇಳಿಯುವುದಿಲ್ಲ. ಫಿಲ್ಮ್ ಓದುವ ಟೇಬಲ್ ಕೆಲಸವೂ ಇದೆ, ಆದರೆ ಅಲ್ಲಿ ಓಟಿ ಸಿಗುವುದು ಕಡಿಮೆ. ಒಂಬತ್ತು ವರ್ಷದ ಅನುಭವ ಇರುವವರಿಗೆ ಬಾಗಿಲು ಮುಚ್ಚಿರುವುದಿಲ್ಲ. ಕ್ಯಾನ್ಸರ್ ಭಯಕ್ಕೆ ನಾಳೆಯೇ ರಾಜೀನಾಮೆ ಬರೆಯುವಷ್ಟು ಅವಸರವಿಲ್ಲ. ಬ್ಯಾಡ್ಜ್ ಹಾಕಿಕೊಂಡರೆ ಕೆಲಸ ಕೊಡುವುದಿಲ್ಲ ಎನ್ನುವ ಕಂಪನಿಯನ್ನು ಬಿಡುವುದಕ್ಕೆ ಮಾತ್ರ ನಾನು ತಡಮಾಡುವುದಿಲ್ಲ.

ಮೊದಲು ಡೋಸ್ ಶೀಟನ್ನು ಪೂರ್ತಿಯಾಗಿ ಕೇಳಿ ತರಿಸಿ. 2004ರ ವಿಕಿರಣ ರಕ್ಷಣಾ ನಿಯಮಗಳ ಪ್ರಕಾರ ಕೆಲಸಗಾರ ಕೇಳಿದಾಗ ಅವನ ಡೋಸ್ ದಾಖಲೆ ಕೊಡುವುದು ಮಾಲೀಕರ ಹೊಣೆ. ಕೆಲಸ ಬಿಡುವಾಗಲೂ ಕೊಡಬೇಕು. ಕೊಡದಿದ್ದರೆ ಎಇಆರ್‌ಬಿಗೆ ಬರೆಯಬಹುದು. ಶೀಟ್ ಬಂದಮೇಲೆ ಕೊನೆಯ ಮೊತ್ತ ನೋಡಿ ಮಡಿಚಿಡಬೇಡಿ, ಒಂದೊಂದು ಅವಧಿಯ ಸಾಲನ್ನೂ ನೋಡಿ. ಓಟಿ ಜಾಸ್ತಿ ಬಂದ ತಿಂಗಳುಗಳು ಅವರ ಸಂಬಳದ ಚೀಟಿಯಲ್ಲಿ ಇರುತ್ತವೆ. ಅದೇ ತಿಂಗಳುಗಳಲ್ಲಿ ಡೋಸ್ ಸೊನ್ನೆ ಎಂದಿದ್ದರೆ ಅವತ್ತು ಬ್ಯಾಡ್ಜ್ ಬ್ಯಾಗಿನಲ್ಲಿತ್ತು ಎಂದೇ ಅನುಮಾನಿಸಬೇಕು. ಆ ಸಾಲುಗಳ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಅವರು ತಮ್ಮ ಸೇಫ್ಟಿ ಆಫೀಸರ್ ಹತ್ತಿರ ಕೂತು ಮಾತಾಡಲಿ. ಎಲ್ಲೋ ದೊಡ್ಡ ಡೋಸ್ ತಪ್ಪಿಹೋಗಿದೆ ಎಂಬ ಅನುಮಾನ ಬಂದರೆ, ರಕ್ತದ ಕ್ರೋಮೋಸೋಮ್ ನೋಡಿ ಡೋಸ್ ಅಂದಾಜು ಮಾಡುವ ಪರೀಕ್ಷೆಯನ್ನು ಅವರ ಮೂಲಕ ಕೇಳಬಹುದು. ಅದು ಸುಮಾರು 100 ಮಿಲಿಸೀವರ್ಟ್ ಮೇಲ್ಪಟ್ಟದ್ದನ್ನು ಹಿಡಿಯುತ್ತದೆ. ವರ್ಷಗಳು ಕಳೆದ ಹಾಗೆ ಆ ಗುರುತು ಮಸುಕಾಗುತ್ತದೆ, ಅದಕ್ಕೇ ಕೇಳುವುದಾದರೆ ಈಗಲೇ ಕೇಳಲಿ.